ಮೀನಖಂಡಕ್ಕೆ ಎಲೆಕ್ಟ್ರೋಡ್ ಅಂಟಿಸುವ ಮುನ್ನ: ಎಲುಬು ಹಿಡಿದು ಅಳೆಯಿರಿ, ಸ್ನಾಯು ಮುಟ್ಟಿ ನೋಡಿ

ಸರ್ಫೇಸ್ ಇಎಂಜಿಯಲ್ಲಿ, ಅಂದರೆ ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಸ್ನಾಯುವಿನ ವಿದ್ಯುತ್ ಸಿಗ್ನಲ್ ಅಳೆಯುವ ಪರೀಕ್ಷೆಯಲ್ಲಿ, ಎಲೆಕ್ಟ್ರೋಡ್ ಒಂದೆರಡು ಸೆಂಟಿಮೀಟರ್ ಆಚೀಚೆಯಾದರೆ ಪರದೆಯ ಮೇಲೆ ಬರುವ ಸಂಖ್ಯೆಯೇ ಬೇರೆಯಾಗುತ್ತದೆ. ಮೀನಖಂಡದಲ್ಲಂತೂ ಈ ತೊಂದರೆ ಹೆಚ್ಚು. ಅಲ್ಲಿ ಸ್ನಾಯುಗಳು ಒಂದರ ಮೇಲೊಂದು ಒತ್ತಿಕೊಂಡಿವೆ. ಸಾಲದ್ದಕ್ಕೆ ಕಾಲು ಅಲುಗಿದಾಗ ಚರ್ಮದ ಅಡಿಯಲ್ಲಿ ಸರಿದಾಡುತ್ತವೆ. ತಪ್ಪು ಜಾಗದಿಂದ ಬಂದ ಸಿಗ್ನಲನ್ನು ಸರಿಪಡಿಸುವ ಫಿಲ್ಟರ್ ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ. ಹಾಗಾಗಿ ಈ ಲೇಖನದ ಬಹುಪಾಲು ಯಂತ್ರ ಆನ್ ಮಾಡುವ ಮುಂಚಿನ ಅರ್ಧ ಗಂಟೆಯ ಕೆಲಸದ ಬಗ್ಗೆ. ಮಂಗಳೂರು, ಉಡುಪಿ, ಮಣಿಪಾಲದ ಕಡೆ ಫಿಸಿಯೋಥೆರಪಿ ಅಥವಾ ಕ್ರೀಡಾ ವಿಜ್ಞಾನ ಓದುತ್ತಿರುವವರಿಗೆ, ಇಲ್ಲಿನ ಸೆಕೆ ಮತ್ತು ಮಳೆಯನ್ನು ಲೆಕ್ಕಕ್ಕೆ ಹಿಡಿದೇ ಬರೆದದ್ದು.

ಕಾಲಿನ ಹಿಂಬದಿಯಲ್ಲಿ ಕೈಗೆ ಸಿಗುವ ಎರಡು ಉಬ್ಬುಗಳು ಗ್ಯಾಸ್ಟ್ರಾಕ್ನೀಮಿಯಸ್ ಸ್ನಾಯುವಿನ ಎರಡು ತಲೆಗಳು. ಒಳಬದಿಯದು ಮೀಡಿಯಲ್, ಹೊರಬದಿಯದು ಲ್ಯಾಟರಲ್. ಒಳಬದಿಯದು ಸಾಮಾನ್ಯವಾಗಿ ತುಸು ದಪ್ಪ, ತುಸು ಕೆಳಗಿನವರೆಗೂ ಇಳಿದಿರುತ್ತದೆ. ಇವೆರಡರ ಅಡಿಯಲ್ಲಿ ಚಪ್ಪಟೆಯಾಗಿ, ಅಗಲವಾಗಿ ಹರಡಿಕೊಂಡಿರುವುದು ಸೋಲಿಯಸ್. ಎಲ್ಲವೂ ಕೂಡಿ ಅಕಿಲೀಸ್ ಸ್ನಾಯುರಜ್ಜುವಾಗಿ ಹಿಮ್ಮಡಿಯ ಎಲುಬಿಗೆ ಸೇರುತ್ತವೆ. ಗ್ಯಾಸ್ಟ್ರಾಕ್ನೀಮಿಯಸ್ ಹೊರಡುವುದು ತೊಡೆಯ ಎಲುಬಿನಿಂದ, ಅಂದರೆ ಅದು ಮೊಣಕಾಲನ್ನೂ ದಾಟುತ್ತದೆ. ಸೋಲಿಯಸ್ ಮೊಣಕಾಲಿನ ಕೆಳಗೇ ಹುಟ್ಟುತ್ತದೆ. ಮೊಣಕಾಲು ಮಡಚಿದಾಗ ಗ್ಯಾಸ್ಟ್ರಾಕ್ನೀಮಿಯಸ್ ಸಡಿಲಾಗಿ ಅದರ ಬಲ ಕುಗ್ಗುತ್ತದೆ, ಕೆಲಸದ ಹೊರೆ ಸೋಲಿಯಸ್ ಮೇಲೆ ಬೀಳುತ್ತದೆ. ಮುಂದೆ ಹೇಳುವ ಹೆಚ್ಚಿನ ಪರೀಕ್ಷೆಗಳಿಗೆ ಇದೇ ಆಧಾರ.

ಸಾಮಾನು ಮತ್ತು ಕೋಣೆ

ಅಳತೆ ಟೇಪ್, ಚರ್ಮದ ಮೇಲೆ ಬರೆಯುವ ಮಾರ್ಕರ್ ಪೆನ್, ಒಬ್ಬರಿಗೆ ಒಂದರಂತೆ ಹೊಸ ರೇಜರ್, ಸರ್ಜಿಕಲ್ ಸ್ಪಿರಿಟ್, ಗಾಜ್ ಬಟ್ಟೆ, ಮೈಕ್ರೋಪೋರ್ ಟೇಪ್, ಕತ್ತರಿ, ಸಣ್ಣ ಸ್ಕೇಲ್, ಬೆಳ್ಳಿ–ಬೆಳ್ಳಿ ಕ್ಲೋರೈಡಿನ ಜೆಲ್ ಎಲೆಕ್ಟ್ರೋಡುಗಳು. ಇಷ್ಟಿದ್ದರೆ ಸಾಕು.

ಎಲೆಕ್ಟ್ರೋಡ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ಸುಲಭವಾಗಿ ಸಿಗುವುದು ಇಸಿಜಿಗೆ ಬಳಸುವ, ನಡುವೆ ಲೋಹದ ಗುಂಡಿ ಇರುವ ಫೋಮ್ ಬಿಲ್ಲೆಗಳು. ಇಎಂಜಿಗೂ ಅವು ಆಗುತ್ತವೆ. ಆದರೆ ಫೋಮ್‌ನ ಅಗಲವೇ ನಾಲ್ಕೈದು ಸೆಂಟಿಮೀಟರ್ ಇರುತ್ತದೆ. ಎರಡನ್ನು ಅಕ್ಕಪಕ್ಕ ಹಾಗೇ ಅಂಟಿಸಿದರೆ ನಡುವಿನ ಅಂತರ 40 ಮಿಲಿಮೀಟರ್ ದಾಟುತ್ತದೆ. ಬೇಕಾದದ್ದು ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ 20 ಮಿಲಿಮೀಟರ್. ಅಂತರ ಹೆಚ್ಚಾದಷ್ಟೂ ಪಕ್ಕದ ಮತ್ತು ಅಡಿಯ ಸ್ನಾಯುಗಳ ಸಿಗ್ನಲ್ ನುಸುಳುವ ಸಾಧ್ಯತೆ ಹೆಚ್ಚು. ಹಾಗಾಗಿ ಹಿಂದಿನ ಕಾಗದ ತೆಗೆಯುವ ಮೊದಲೇ, ಒಂದರ ಪಕ್ಕ ಇನ್ನೊಂದು ಬರುವ ಬದಿಯ ಫೋಮನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿ. ನಡುವಿನ ಜೆಲ್‌ಗೆ ಕತ್ತರಿ ತಾಗಬಾರದು. ಜೆಲ್ ಭಾಗ ಸಿಗ್ನಲ್ ಅಳೆಯುವ ದಿಕ್ಕಿನಲ್ಲಿ 10 ಮಿಲಿಮೀಟರಿಗಿಂತ ದೊಡ್ಡದಿರದ ಎಲೆಕ್ಟ್ರೋಡನ್ನೇ ಹುಡುಕಿ ಕೊಳ್ಳಿ. ಪೊಟ್ಟಣ ಒಡೆದಿಟ್ಟು ದಿನಗಟ್ಟಲೆ ಆದವನ್ನು ಬಳಸಬೇಡಿ, ಜೆಲ್ ಒಣಗಿರುತ್ತದೆ. ಒಮ್ಮೆ ಕಿತ್ತದ್ದನ್ನು ಮತ್ತೆ ಅಂಟಿಸುವುದೂ ಬೇಡ.

ಬಂದವರನ್ನು ಬಸ್ಸಿಳಿದ ಕೂಡಲೇ ಪರೀಕ್ಷೆಗೆ ಮಲಗಿಸಬೇಡಿ. ಫ್ಯಾನ್ ಅಥವಾ ಎಸಿ ಕೆಳಗೆ ಹದಿನೈದು ನಿಮಿಷ ಕೂರಿಸಿ, ಬೆವರು ಆರಲಿ. ಬರುವ ದಿನ ಕಾಲಿಗೆ ತೆಂಗಿನೆಣ್ಣೆ ಹಚ್ಚಬೇಡಿ ಎಂದು ಹಿಂದಿನ ದಿನವೇ ಫೋನಿನಲ್ಲಿ ಹೇಳಿಡುವುದು ಒಳ್ಳೆಯದು. ಎಣ್ಣೆ ಹತ್ತಿದ ಚರ್ಮಕ್ಕೆ ಯಾವ ಅಂಟೂ ನಿಲ್ಲುವುದಿಲ್ಲ. ಮೊಣಕಾಲಿನ ಮೇಲಿನವರೆಗೆ ಸರಿಯುವ ಚಡ್ಡಿ ಅಥವಾ ಎತ್ತಿ ಕಟ್ಟಬಹುದಾದ ಲುಂಗಿ ಸಾಕು. ಹೆಂಗಸರಿಗೆ ಪರದೆ ಮತ್ತು ಜೊತೆಗೊಬ್ಬರು ಇರಲಿ. ಎಲ್ಲಿ ಮುಟ್ಟುತ್ತೀರಿ, ಏಕೆ ಕೂದಲು ತೆಗೆಯುತ್ತೀರಿ ಎಂಬುದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ.

ಮೀನಖಂಡ ಒಂದೇ ಕಾಲಿನಲ್ಲಿ ಊದಿಕೊಂಡು, ಬಿಸಿಯಾಗಿ, ಒತ್ತಿದರೆ ನೋಯುತ್ತಿದ್ದರೆ ತಿಕ್ಕುವುದೂ ಬೇಡ, ಪರೀಕ್ಷೆಯೂ ಬೇಡ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅವರನ್ನು ಕೂಡಲೇ ವೈದ್ಯರಲ್ಲಿಗೆ ಕಳುಹಿಸಿ. ಗಾಯ, ಕಜ್ಜಿ, ಉಬ್ಬಿದ ರಕ್ತನಾಳಗಳ ಮೇಲೆ ಎಲೆಕ್ಟ್ರೋಡ್ ಇಡಬಾರದು. ಆನೆಕಾಲು ರೋಗದಿಂದಲೋ ಬೇರೆ ಕಾರಣದಿಂದಲೋ ಕಾಲಿನಲ್ಲಿ ನೀರು ತುಂಬಿದ್ದರೆ ಸಿಕ್ಕ ಸಿಗ್ನಲ್‌ಗೆ ಅರ್ಥ ಕಟ್ಟುವುದು ಕಷ್ಟ.

ಗುರುತು ಹಾಕುವುದು

ಇಲ್ಲಿ ಕೊಟ್ಟಿರುವ ಜಾಗಗಳು 1996ರಿಂದ 1999ರವರೆಗೆ ಯುರೋಪಿನಲ್ಲಿ ಸರ್ಫೇಸ್ ಇಎಂಜಿಯ ಅಳತೆಗಳನ್ನು ಏಕರೂಪಗೊಳಿಸಲು ನಡೆದ ಸೆನಿಯಮ್ (SENIAM) ಯೋಜನೆಯ ಶಿಫಾರಸುಗಳನ್ನು ಅನುಸರಿಸಿವೆ. ಬೇರೆ ಪದ್ಧತಿಗಳೂ ಇವೆ. ಆದರೆ ಇದನ್ನು ಹಿಡಿದರೆ ನಿಮ್ಮ ಫಲಿತಾಂಶವನ್ನು ಬೇರೆಯವರದರ ಜೊತೆ ಹೋಲಿಸಿ ನೋಡಲು ದಾರಿ ಇರುತ್ತದೆ.

ಒಂದು ಮುಖ್ಯ ವಿಷಯ: ಅಳತೆಯನ್ನು ಯಾವ ಭಂಗಿಯಲ್ಲಿ ಮಾಡಬೇಕೆಂದು ಹೇಳಿದೆಯೋ ಅದರಲ್ಲೇ ಮಾಡಿ. ನಿಂತವರ ಕಾಲಿನಲ್ಲಿ ಗುರುತು ಹಾಕಿ ಮಲಗಿಸಿದರೆ ಚರ್ಮ ಸರಿದು ಗುರುತು ಬೇರೆ ಕಡೆ ಹೋಗಿರುತ್ತದೆ.

ಲ್ಯಾಟರಲ್ ಗ್ಯಾಸ್ಟ್ರಾಕ್ನೀಮಿಯಸ್‌ನಿಂದ ಶುರು ಮಾಡುವುದು ಸುಲಭ, ಏಕೆಂದರೆ ಇದಕ್ಕೆ ಲೆಕ್ಕ ಇದೆ. ಬಂದವರನ್ನು ಬೋರಲು ಮಲಗಿಸಿ, ಮೊಣಕಾಲು ನೇರವಾಗಿರಲಿ, ಪಾದ ಮಂಚದ ಅಂಚಿನಿಂದ ಹೊರಗೆ ಇಳಿಬಿಟ್ಟಿರಲಿ. ಮೊಣಕಾಲಿನ ಹೊರಬದಿಯಲ್ಲಿ, ಸಂದಿನ ತುಸು ಕೆಳಗೆ, ಬೆರಳಿಗೆ ಒಂದು ಗುಂಡನೆಯ ಎಲುಬು ಸಿಗುತ್ತದೆ. ಅದೇ ಫಿಬುಲಾದ (ಕೆಳಗಾಲಿನ ಹೊರಬದಿಯ ತೆಳು ಎಲುಬು) ತಲೆ. ಸಿಗದಿದ್ದರೆ ಮೊಣಕಾಲು ಸ್ವಲ್ಪ ಮಡಚಲು ಹೇಳಿ, ತೊಡೆಯ ಹಿಂಬದಿಯ ಹೊರಗಿನ ಹುರಿಯನ್ನು ಹಿಡಿದು ಕೆಳಕ್ಕೆ ಬನ್ನಿ. ಹುರಿ ಮುಗಿಯುವಲ್ಲಿ ಎಲುಬಿದೆ. ಅದರ ಕುತ್ತಿಗೆಯ ಸುತ್ತ ಒಂದು ನರ ಹಾದುಹೋಗುತ್ತದೆ, ಅಲ್ಲಿ ಗಟ್ಟಿಯಾಗಿ ಒತ್ತಿದರೆ ಪಾದದವರೆಗೂ ಜುಮುಗುಡುತ್ತದೆ. ಹಗುರವಾಗಿ ಮುಟ್ಟಿ.

ಫಿಬುಲಾದ ತಲೆಯಿಂದ ಹಿಮ್ಮಡಿಯವರೆಗೆ ಗೆರೆ ಹಿಡಿಯಿರಿ. ಮೇಲಿನಿಂದ ಮೂರನೇ ಒಂದು ಭಾಗದಲ್ಲಿ ಗುರುತು. ಒಟ್ಟು ಉದ್ದ 42 ಸೆಂಟಿಮೀಟರ್ ಇದ್ದರೆ 14ರಲ್ಲಿ. ಟೇಪನ್ನು ಬಿಗಿಯಾಗಿ ಎರಡು ತುದಿಗಳ ನಡುವೆ ಎಳೆದು ಹಿಡಿಯಬೇಕು. ಸ್ನಾಯುವಿನ ಉಬ್ಬಿನ ಮೇಲೆ ಹೊರಳಿಸಿ ಅಳೆದರೆ ಉದ್ದ ಹೆಚ್ಚು ಬರುತ್ತದೆ, ದಪ್ಪ ಕಾಲಿನವರಲ್ಲಿ ಇನ್ನೂ ಹೆಚ್ಚು. ‘ಹಿಮ್ಮಡಿ’ ಎಂದರೆ ಎಲ್ಲಿ ಎಂಬುದನ್ನೂ ನೀವೇ ನಿಶ್ಚಯಿಸಿ, ಉದಾಹರಣೆಗೆ ಹಿಂಬದಿಯ ಎಲುಬಿನ ನಡುಮಧ್ಯ ಎಂದು ಬರೆದಿಟ್ಟು, ಎಲ್ಲರಿಗೂ ಅದನ್ನೇ ಹಿಡಿಯಿರಿ.

ಮೀಡಿಯಲ್ ಗ್ಯಾಸ್ಟ್ರಾಕ್ನೀಮಿಯಸ್‌ಗೆ ಇಂಥ ಲೆಕ್ಕವಿಲ್ಲ. ಅತಿ ಹೆಚ್ಚು ಉಬ್ಬಿದ ಜಾಗ ಎಂದಷ್ಟೇ ಶಿಫಾರಸು. ಇಬ್ಬರು ನೋಡಿದರೆ ಇಬ್ಬರಿಗೆ ಬೇರೆ ಬೇರೆ ಜಾಗ ಕಾಣುವುದು ಇಲ್ಲೇ. ಬೋರಲು ಮಲಗಿದವರಿಗೆ ‘ಹಿಮ್ಮಡಿ ಮೇಲಕ್ಕೆ ಎಳೀರಿ’ ಎಂದು ಹೇಳಿ. ‘ಬೆರಳು ಕೆಳಗೆ ಒತ್ತಿ’ ಎಂದು ಹೇಳಿದರೆ ಕೆಲವರು ಕಾಲ್ಬೆರಳು ಮಡಚುತ್ತಾರೆ, ಬೇರೆಯೇ ಸ್ನಾಯುಗಳು ಕೆಲಸಕ್ಕೆ ಇಳಿಯುತ್ತವೆ. ನಿಮ್ಮ ಅಂಗೈಯಿಂದ ಪಾದಕ್ಕೆ ತಡೆ ಕೊಡಿ. ಸ್ನಾಯು ಬಿಗಿಯಾದಾಗ ಒಳಬದಿಯ ಉಬ್ಬಿನ ಎರಡು ಅಂಚುಗಳನ್ನೂ ಕೆಳತುದಿಯನ್ನೂ ಬೆರಳಲ್ಲಿ ತಡವಿ ಗುರುತಿಸಿ.

ಈಗ ಅವರನ್ನು ನಿಲ್ಲಿಸಿ, ತುದಿಗಾಲಲ್ಲಿ ನಿಲ್ಲಲು ಹೇಳಿ, ಹಿಂದೆ ಕೂತು ನೋಡಿ. ಸ್ನಾಯು ಕುಗ್ಗುತ್ತಾ ಮೇಲಕ್ಕೆ ಸರಿಯುತ್ತದೆ, ಕೆಳತುದಿ ಚರ್ಮದ ಅಡಿಯಲ್ಲಿ ಮೆಟ್ಟಿಲಿನಂತೆ ಎದ್ದು ಕಾಣುತ್ತದೆ. ಮಲಗಿದಾಗ ನೀವು ಹಾಕಿದ ಗುರುತು ತುದಿಗಾಲಲ್ಲಿ ನಿಂತಾಗ ಆ ಮೆಟ್ಟಿಲಿಗೆ ಬಂದು ತಾಗುತ್ತಿದೆಯೇ? ಹಾಗಿದ್ದರೆ ಜಾಗ ತಪ್ಪು. ಹಿಮ್ಮಡಿ ಎತ್ತಿದ ಸಮಯದಲ್ಲೇ, ಅಂದರೆ ಸಿಗ್ನಲ್ ಬಲವಾಗಿರಬೇಕಾದ ಹೊತ್ತಿಗೇ, ಎಲೆಕ್ಟ್ರೋಡಿನ ಕೆಳಗೆ ಸ್ನಾಯುವಿನ ಬದಲು ರಜ್ಜು ಮತ್ತು ಸೋಲಿಯಸ್ ಬಂದುಬಿಟ್ಟಿರುತ್ತವೆ. ಗುರುತನ್ನು ಮೇಲಕ್ಕೆ ತನ್ನಿ, ಕೆಳಗಿನ ಎಲೆಕ್ಟ್ರೋಡೂ ಆ ಅಂಚಿನಿಂದ ಕನಿಷ್ಠ ಎರಡು ಸೆಂಟಿಮೀಟರ್ ಮೇಲಿರಲಿ. ಬಳಿಕ ಮೊಣಕಾಲಿನ ಹಿಂದಿನ ಮಡಿಕೆಯಿಂದ ಈ ಗುರುತಿಗೆ ಎಷ್ಟು ದೂರ, ಕಾಲಿನ ನಡುಗೆರೆಯಿಂದ ಎಷ್ಟು ಒಳಗೆ ಎಂದು ಅಳೆದು ಬರೆಯಿರಿ. ಕಣ್ಣಂದಾಜಿನಲ್ಲಿ ಸಿಕ್ಕ ಜಾಗಕ್ಕೂ ಕೊನೆಗೊಂದು ಸಂಖ್ಯೆ ಇರಲೇಬೇಕು.

ಸೋಲಿಯಸ್‌ಗೆ ಭಂಗಿ ಬೇರೆ. ಕುರ್ಚಿಯಲ್ಲಿ ಕೂರಿಸಿ, ಮೊಣಕಾಲು ಸುಮಾರು 90 ಡಿಗ್ರಿ ಮಡಚಿರಲಿ, ಪಾದ ಪೂರ್ತಿ ನೆಲಕ್ಕೆ ಊರಿರಲಿ. ತೊಡೆಯೆಲುಬಿನ ಒಳಬದಿಯ ಕಾಂಡೈಲ್, ಅಂದರೆ ಮೊಣಕಾಲಿನ ಒಳಬದಿಯ ದಪ್ಪ ಎಲುಬು, ಅಲ್ಲಿಂದ ಕಾಲ ಹರಡಿನ ಒಳಬದಿಯ ಗಂಟಿನವರೆಗೆ ಗೆರೆ. ಮೇಲಿನಿಂದ ಮೂರನೇ ಎರಡು ಭಾಗದಲ್ಲಿ ಗುರುತು. ಉದ್ದ 39 ಸೆಂಟಿಮೀಟರ್ ಆದರೆ ಮೇಲಿನಿಂದ 26, ಹರಡಿನಿಂದ 13. ಸರಿಯೋ ಎಂದು ನೋಡಲು ಮೊಣಕಾಲಿನ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತುತ್ತಾ ಹಿಮ್ಮಡಿ ಎತ್ತಲು ಹೇಳಿ. ಗುರುತಿನ ಅಡಿಯಲ್ಲಿ ಬೆರಳಿಗೆ ಬಿಗಿ ಸಿಗಬೇಕು.

ಇಲ್ಲಿ ಎರಡು ತೊಡಕು ಬರುತ್ತವೆ. ಕೆಲವರಲ್ಲಿ ಮೀಡಿಯಲ್ ಗ್ಯಾಸ್ಟ್ರಾಕ್ನೀಮಿಯಸ್ ಬಹಳ ಕೆಳಗಿನವರೆಗೆ ಇಳಿದು ಲೆಕ್ಕದ ಜಾಗಕ್ಕೇ ಹತ್ತಿರ ಬಂದಿರುತ್ತದೆ. ಆಗ ಸಂಖ್ಯೆಗೆ ಜೋತುಬೀಳದೆ ಗುರುತನ್ನು ಕೆಳಕ್ಕೆ ಸರಿಸಿ, ಎಷ್ಟು ಸರಿಸಿದಿರಿ ಎಂದು ಬರೆದಿಡಿ. ಇನ್ನೊಂದು, ಗುರುತು ಟಿಬಿಯಾ, ಅಂದರೆ ಮುಂಗಾಲಿನ ದಪ್ಪ ಎಲುಬಿನ ಅಂಚಿಗೆ ತೀರಾ ಅಂಟಿಕೊಂಡಿದ್ದರೆ ಕಾಲ್ಬೆರಳು ಮಡಚುವ ಸ್ನಾಯುವಿನ ಸಿಗ್ನಲ್ ಒಳನುಗ್ಗುತ್ತದೆ. ಎಲುಬಿನ ಅಂಚಿನಿಂದ ತುಸು ಹಿಂದಕ್ಕೆ ಬನ್ನಿ.

ಹೋಲಿಕೆಗೆ ಮುಂಗಾಲಿನ ಟಿಬಿಯಾಲಿಸ್ ಆಂಟೀರಿಯರ್ ಸ್ನಾಯು ಕೂಡ ಬೇಕೆಂದರೆ, ಫಿಬುಲಾದ ಮೇಲ್ತುದಿಯಿಂದ ಒಳ ಹರಡಿನ ತುದಿಗೆ ಗೆರೆ ಎಳೆದು ಮೇಲಿನಿಂದ ಮೂರನೇ ಒಂದರಲ್ಲಿ ಇಡಿ. ಇದರಲ್ಲಿ ಎಡವುವುದು ಕಡಿಮೆ.

ಚರ್ಮ ಸಿದ್ಧಪಡಿಸಿ ಅಂಟಿಸುವುದು

ಗುರುತನ್ನು ಬರೀ ಚುಕ್ಕಿಯಾಗಿ ಹಾಕಿದರೆ ಸ್ಪಿರಿಟ್ ತಗಲಿದ ಕೂಡಲೇ ಅಳಿಸಿಹೋಗುತ್ತದೆ. ಕೂಡಿಸು ಚಿಹ್ನೆಯ ಹಾಗೆ ಉದ್ದ ಗೆರೆಗಳನ್ನು ಎಳೆಯಿರಿ, ನಾಲ್ಕು ತುದಿಗಳೂ ತಿಕ್ಕುವ ಜಾಗದಿಂದ ಹೊರಗೆ ಇರಲಿ. ನಡುವೆ ಅಳಿಸಿದರೂ ತುದಿಗಳನ್ನು ಕೂಡಿಸಿ ಅದೇ ಬಿಂದುವನ್ನು ಮತ್ತೆ ಪಡೆಯಬಹುದು.

ಕೂದಲು ತೆಗೆಯಿರಿ, ಫೋಮ್ ಅಂಟುವಷ್ಟು ಜಾಗ ಸಾಕು. ಬಳಿಕ ಸ್ಪಿರಿಟ್ ಅದ್ದಿದ ಗಾಜ್‌ನಿಂದ ಚರ್ಮ ತುಸು ಕೆಂಪಗಾಗುವವರೆಗೆ ತಿಕ್ಕಿ, ಉರಿಯುವಷ್ಟು ಬೇಡ. ಸತ್ತ ಚರ್ಮದ ಪದರ ಹೋದರೆ ವಿದ್ಯುತ್ ತಡೆ ಇಳಿಯುತ್ತದೆ. ಯಂತ್ರದಲ್ಲಿ ಅಳೆಯುವ ಸೌಲಭ್ಯವಿದ್ದರೆ 10 ಕಿಲೋಓಮ್‌ಗಿಂತ ಕೆಳಗೆ ತನ್ನಿ, 5ಕ್ಕಿಂತ ಕೆಳಗೆ ಬಂದರೆ ಇನ್ನೂ ಒಳ್ಳೆಯದು. ಆಮೇಲೆ ಒಣಗಲು ಬಿಡಿ. ಜೂನ್–ಜುಲೈಯ ಆರ್ದ್ರ ಗಾಳಿಯಲ್ಲಿ ಸ್ಪಿರಿಟ್ ಆರಿದ ಮೇಲೂ ತೇವ ಉಳಿದಿರುತ್ತದೆ. ಒಣ ಗಾಜ್ ಒತ್ತಿ, ಬೆರಳ ಹಿಂಬದಿಯಿಂದ ಮುಟ್ಟಿ ನೋಡಿ. ತಣ್ಣಗೆ ಅನಿಸಿದರೆ ಇನ್ನೂ ಒಣಗಿಲ್ಲ.

ಅಂಟಿಸುವಾಗ ಆಗುವ ಸಾಮಾನ್ಯ ತಪ್ಪೆಂದರೆ ಮೊದಲ ಎಲೆಕ್ಟ್ರೋಡನ್ನು ಗುರುತಿನ ಮೇಲೇ ಇಟ್ಟು ಎರಡನೆಯದನ್ನು ಅದರ ಕೆಳಗೆ ಅಂಟಿಸುವುದು. ಹಾಗೆ ಮಾಡಿದರೆ ಇಡೀ ಜೋಡಿ ಒಂದು ಸೆಂಟಿಮೀಟರ್ ಕೆಳಗೆ ಹೋಗುತ್ತದೆ. ಗುರುತು ಜೋಡಿಯ ನಡುವೆ ಬರಬೇಕು: ಗೆರೆಯ ಮೇಲೆ ಗುರುತಿನಿಂದ 10 ಮಿಲಿಮೀಟರ್ ಮೇಲೆ ಒಂದು, 10 ಕೆಳಗೆ ಇನ್ನೊಂದು. ದಿಕ್ಕು, ಲ್ಯಾಟರಲ್‌ಗೆ ಮತ್ತು ಸೋಲಿಯಸ್‌ಗೆ ಆಗ ಎಳೆದ ಗೆರೆಯದೇ, ಮೀಡಿಯಲ್‌ಗೆ ಕಾಲಿನ ಉದ್ದಕ್ಕೆ. ರೆಫರೆನ್ಸ್ ಎಲೆಕ್ಟ್ರೋಡ್, ಅಂದರೆ ಜೋಡಿಯ ಸಿಗ್ನಲನ್ನು ಹೋಲಿಸಲು ಯಂತ್ರಕ್ಕೆ ಬೇಕಾದ ಇನ್ನೊಂದು ಎಲೆಕ್ಟ್ರೋಡ್, ಹರಡಿನ ಎಲುಬಿನ ಮೇಲೆ, ಸ್ನಾಯು ಇಲ್ಲದ ಕಡೆ.

ಅಂಟಿಸಿ ಐದು ನಿಮಿಷ ಸುಮ್ಮನೆ ಬಿಡಿ, ಜೆಲ್ ಚರ್ಮಕ್ಕೆ ಹೊಂದಿಕೊಳ್ಳುತ್ತದೆ. ವಯರನ್ನು ಎಲೆಕ್ಟ್ರೋಡಿನ ಪಕ್ಕದಲ್ಲೇ ಸಣ್ಣ ಕುಣಿಕೆ ಮಾಡಿ ಟೇಪ್ ಹಾಕಿ, ಎಳೆತ ಟೇಪಿಗೆ ಬೀಳಲಿ. ಕ್ರೇಪ್ ಬ್ಯಾಂಡೇಜ್ ಸುತ್ತುವುದಾದರೆ ಸಡಿಲವಾಗಿ ಸುತ್ತಿ.

ಯಕ್ಷಗಾನ ಕಲಾವಿದರನ್ನು ಗೆಜ್ಜೆ ಕಟ್ಟಿ ಕುಣಿಸಿಯೇ ಅಳೆಯಬೇಕೆಂದಿದ್ದರೆ ರೆಫರೆನ್ಸನ್ನು ಹರಡಿನಲ್ಲಿ ಇಡಬೇಡಿ. ಗೆಜ್ಜೆಯ ಪಟ್ಟಿ ಅಲ್ಲೇ ಬರುತ್ತದೆ, ಪ್ರತಿ ಹೆಜ್ಜೆಗೂ ಎಲೆಕ್ಟ್ರೋಡ್ ತಳ್ಳಿಸಿಕೊಂಡು ಸಿಗ್ನಲ್ ಜಿಗಿಯುತ್ತದೆ. ಫಿಬುಲಾದ ತಲೆಯ ಮೇಲೆ ಅಥವಾ ಮುಂಗಾಲಿನ ಎಲುಬಿನ ಮೇಲೆ ಇಡಿ. ಸೋಲಿಯಸ್ ಜೋಡಿಗೂ ಗೆಜ್ಜೆಗೂ ನಡುವೆ ಜಾಗ ಉಳಿಯುತ್ತದೆಯೇ ಎಂದು ಗೆಜ್ಜೆ ಕಟ್ಟಿಸಿಯೇ ನೋಡಿ. ಧೀಂಗಿಣದಂಥ ಹಾರುವ ಸುತ್ತುಗಳಿಗೆ ವಯರ್ ಇಲ್ಲದ ಯಂತ್ರವೇ ಬೇಕು.

ಯಂತ್ರ ಆನ್ ಮಾಡಿದ ಮೇಲೆ

ಮೊದಲು ವಿಶ್ರಾಂತಿ. ಬೋರಲು ಮಲಗಿ ಕಾಲು ಸಡಿಲ ಬಿಟ್ಟಾಗ ಪರದೆಯ ಗೆರೆ ಬಹುತೇಕ ಚಪ್ಪಟೆಯಾಗಿರಬೇಕು, 5 ಮೈಕ್ರೋವೋಲ್ಟ್ ಆರ್‌ಎಂಎಸ್ (ಏರಿಳಿತದ ಒಂದು ಬಗೆಯ ಸರಾಸರಿ) ಆಸುಪಾಸು ಅಥವಾ ಕಡಿಮೆ. ಬಳಿಕ ಈ ಕ್ರಮದಲ್ಲಿ ನೋಡಿ. ಮೊಣಕಾಲು ನೇರವಾಗಿಟ್ಟು ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿಸಿ: ಮೂರೂ ಚಾನೆಲ್ (ಒಂದೊಂದು ಜೋಡಿಯ ಸಿಗ್ನಲ್ ಗೆರೆ) ಏರಬೇಕು. ಕೂತು ಮೊಣಕಾಲು ಮಡಚಿ ಹಿಮ್ಮಡಿ ಎತ್ತಿಸಿ: ಸೋಲಿಯಸ್ ಏರಿ, ಗ್ಯಾಸ್ಟ್ರಾಕ್ನೀಮಿಯಸ್ ಚಾನೆಲ್‌ಗಳು ಸ್ಪಷ್ಟವಾಗಿ ಕಡಿಮೆ ಇರಬೇಕು. ಎಲ್ಲವೂ ಒಂದೇ ಅಚ್ಚಿನಲ್ಲಿ ಏರಿಳಿದರೆ ನುಸುಳು ಸಿಗ್ನಲ್ ಇರಬಹುದೆಂದು ಜಾಗ ಮತ್ತೆ ನೋಡಿ. ಬರೀ ಕಾಲ್ಬೆರಳು ಮಡಚಿಸಿ: ಸೋಲಿಯಸ್ ಚಾನೆಲ್ ಏರಿದರೆ ಜೋಡಿಯನ್ನು ಹಿಂದಕ್ಕೆ ಸರಿಸಿ. ಪಾದವನ್ನು ಹೊರಬದಿಗೆ ತಿರುಗಿಸಿ: ಲ್ಯಾಟರಲ್ ಏರಿದರೆ ಅದು ಕೆಳಗಾಲಿನ ಹೊರಬದಿಯ ಪೆರೋನಿಯಸ್ ಸ್ನಾಯುವಿನದಾಗಿರಬಹುದು, ಜೋಡಿಯನ್ನು ಮೀನಖಂಡದ ನಡುವಿನ ಕಡೆಗೆ ತನ್ನಿ. ಪಾದದ ಮುಂಭಾಗ ಎತ್ತಿಸಿ: ಮೀನಖಂಡ ಮೌನವಾಗಿರಬೇಕು.

ಬರುವವರಲ್ಲಿ ಹಲವರ ಮನೆಮಾತು ತುಳು, ಬ್ಯಾರಿ, ಕೊಂಕಣಿ. ಮಾತಿನಲ್ಲಿ ಹೇಳುವುದರ ಜೊತೆಗೆ ನೀವೇ ಒಮ್ಮೆ ಮಾಡಿ ತೋರಿಸಿದರೆ ಚಲನೆ ಸರಿಯಾಗಿ ಬರುತ್ತದೆ.

ಗೆರೆ ಒಂದೇ ಸಮನೆ ದಪ್ಪಗೆ ನಡುಗುತ್ತಿದ್ದರೆ ಅದು ಕರೆಂಟಿನ 50 ಹರ್ಟ್ಸ್. ಮೊದಲ ಅನುಮಾನ ರೆಫರೆನ್ಸ್ ಎಲೆಕ್ಟ್ರೋಡಿನ ಮೇಲಿರಲಿ, ಬಿಚ್ಚಿ ಹೊಸದು ಹಾಕಿ. ಆಮೇಲೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ಫ್ಯಾನ್ ರೆಗ್ಯುಲೇಟರ್, ವಿದ್ಯುತ್ ಚಿಕಿತ್ಸೆಯ ಯಂತ್ರಗಳನ್ನು ಒಂದೊಂದಾಗಿ ಆರಿಸಿ ನೋಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ 150, 250 ಹರ್ಟ್ಸ್‌ನಲ್ಲೂ ಕಾಟ ಬರಬಹುದು. ನಾಚ್ ಫಿಲ್ಟರ್ (50 ಹರ್ಟ್ಸ್ ಒಂದನ್ನೇ ಕತ್ತರಿಸಿ ತೆಗೆಯುವ ಫಿಲ್ಟರ್) ಹಾಕಿ ಮುಗಿಸೋಣ ಅನಿಸುವುದು ಸಹಜ, ಆದರೆ ಸ್ನಾಯುವಿನ ಸಿಗ್ನಲ್‌ನ ಬಲವಾದ ಭಾಗವೂ 50 ಹರ್ಟ್ಸ್ ಸುತ್ತ ಇದೆ. ಮೂಲವನ್ನು ಹುಡುಕುವುದೇ ಸರಿ. ಗೆರೆ ನಿಧಾನವಾಗಿ ತೇಲುತ್ತಿದ್ದರೆ ಬೆವರು ಅಥವಾ ಸಡಿಲ ಅಂಟು. ಒಂದು ಜೋಡಿಯ ಸಿಗ್ನಲ್ ಇದ್ದಕ್ಕಿದ್ದಂತೆ ಕುಸಿದರೆ ಎರಡು ಎಲೆಕ್ಟ್ರೋಡುಗಳ ನಡುವೆ ಬೆವರೋ ಹರಿದ ಜೆಲ್ಲೋ ಸೇತುವೆ ಕಟ್ಟಿದೆಯೇ ನೋಡಿ. ಬರೀ ಒರೆಸಿದರೆ ಸಾಲದು, ಜೋಡಿಯನ್ನೇ ಬದಲಿಸಬೇಕು.

ಸ್ಯಾಂಪ್ಲಿಂಗ್, ಅಂದರೆ ಯಂತ್ರ ಸಿಗ್ನಲನ್ನು ಅಳೆದು ದಾಖಲಿಸುವುದು, ಸೆಕೆಂಡಿಗೆ ಕನಿಷ್ಠ 1000 ಸಲ, ಸಾಧ್ಯವಾದರೆ 2000. ಫಿಲ್ಟರ್ 20ರಿಂದ 450 ಹರ್ಟ್ಸ್.

ಇಬ್ಬರ ಮೈಕ್ರೋವೋಲ್ಟ್‌ಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಚರ್ಮದಡಿಯ ಕೊಬ್ಬು ಹೆಚ್ಚಿದ್ದಷ್ಟೂ ಸಿಗ್ನಲ್ ಕುಗ್ಗುತ್ತದೆ. ಕಂಬಳದ ಓಟಗಾರನ ಒಣ ಬಿಗಿ ಕಾಲಿನಲ್ಲಿ ಬಂದ ದೊಡ್ಡ ಸಂಖ್ಯೆ, ಕೂತು ಕೆಲಸ ಮಾಡುವವರ ಕಾಲಿನ ಸಣ್ಣ ಸಂಖ್ಯೆ, ಎರಡಕ್ಕೂ ಅವರವರ ಗರಿಷ್ಠ ಪ್ರಯತ್ನವೇ ಅಳತೆಗೋಲು. ಅದಕ್ಕೆ ಕೈಯಿಂದ ತಡೆಯುವುದು ಸಾಕಾಗುವುದಿಲ್ಲ, ಮೀನಖಂಡದ ಬಲಕ್ಕೆ ಪರೀಕ್ಷಕರ ಕೈ ಸೋಲುತ್ತದೆ. ಅಲುಗದ ಪಟ್ಟಿಗೆ ಎದುರಾಗಿ ಪಾದ ಒತ್ತಿಸಿ, ಇಲ್ಲವೇ ಒಂಟಿ ಕಾಲಲ್ಲಿ ಪೂರ್ತಿ ಹಿಮ್ಮಡಿ ಎತ್ತಿಸಿ. 3ರಿಂದ 5 ಸೆಕೆಂಡಿನ ಮೂರು ಸಲ, ನಡುವೆ ಎರಡು ನಿಮಿಷ ವಿಶ್ರಾಂತಿ. ಮೀನಖಂಡ ಹಿಡಿದುಕೊಂಡರೆ ಕೂಡಲೇ ನಿಲ್ಲಿಸಿ ಪಾದವನ್ನು ಮೊಣಕಾಲಿನ ಕಡೆಗೆ ಮೆಲ್ಲಗೆ ಎಳೆಯಿರಿ.

ವಾರ ಬಿಟ್ಟು ಮತ್ತೆ ಅಳೆಯುವುದಿದ್ದರೆ ಮಾರ್ಕರ್ ಗುರುತನ್ನು ನಂಬಬೇಡಿ, ಸ್ನಾನಕ್ಕೆ ಹೋಗಿಬಿಡುತ್ತದೆ. ಗೆರೆಯ ಉದ್ದ, ಗುರುತಿನ ದೂರ, ಭಂಗಿ, ಯಾವ ಕಾಲು, ಎಲೆಕ್ಟ್ರೋಡಿನ ಮಾದರಿ, ಸರಿಸಿದ್ದರೆ ಎಷ್ಟು, ಇಷ್ಟನ್ನು ಬರೆಯಿರಿ. ಎಡ ಬಲ ಎರಡೂ ಕಾಲನ್ನು ಬೇರೆ ಬೇರೆಯಾಗಿಯೇ ಅಳೆಯಿರಿ. ಇದರ ಜೊತೆಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೊಂದನ್ನು ಮೀನಖಂಡದ ಮೇಲೆ ಹರಡಿ, ಎಲೆಕ್ಟ್ರೋಡುಗಳ ಜಾಗ, ಮಚ್ಚೆಗಳು, ಹಳೇ ಗಾಯದ ಕಲೆಗಳು, ಮೊಣಕಾಲಿನ ಹಿಂದಿನ ಮಡಿಕೆ ಎಲ್ಲವನ್ನೂ ನಕಲಿಳಿಸಿಕೊಳ್ಳಿ. ಹಾಳೆಯ ಮೂಲೆಯಲ್ಲಿ ‘ಮೇಲೆ’ ಮತ್ತು ‘ಒಳಬದಿ’ ಎಂದು ಬರೆಯಿರಿ, ತಿರುವುಮುರುವಾಗಿ ಇಟ್ಟರೆ ತಿಳಿಯುವುದಿಲ್ಲ. ಮುಂದಿನ ಸಲ ಅದೇ ಭಂಗಿಯಲ್ಲಿ ಮಲಗಿಸಿ, ಮಚ್ಚೆಗೆ ಮಚ್ಚೆ ಕೂಡುವಂತೆ ಹಾಳೆ ಇಟ್ಟು, ಎಲೆಕ್ಟ್ರೋಡಿನ ಜಾಗದಲ್ಲಿ ಮಾಡಿದ ಸಣ್ಣ ತೂತಿನ ಮೂಲಕ ಪೆನ್ನಿನ ತುದಿ ಒತ್ತಿ.